ಕಾಶವ್ವನ ‘ರೀ’

ಕಾಶವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅಲ್ಲಿಯವರೆಗೆ ಒಂದೇ ಸಲ. ಅದೂ ಮದುವೆಯಾಗಿ ಬೈಲಹೊಂಗಲದ ಅತ್ತೆಮನೆಯ ಹೊಸ್ತಿಲಿಗೆ ಬಂದಾಗ, ನಾದಿನಿ ಬಾಗಿಲಿಗೆ ಅಡ್ಡ ನಿಂತು, “ಗಂಡನ ಹೆಸರಿನ ಒಡಪ ಹೇಳಿ ಒಳಗ ಬಾ” ಎಂದು ಹಟ ಹಿಡಿದದ್ದಕ್ಕೆ. “ಹೊಲದಾಗ ಹಸಿ ಕಡ್ಲಿ, ಹಿತ್ತಲದಾಗ ಹೀರಿ, ಪರಪ್ಪನವರ ಹೆಸರ ಹೇಳೇನಿ, ಇನ್ನಾರ ಬಾಗಲಾ ತಗೀರಿ” ಎಂದು ಒಂದೇ ಉಸಿರಿಗೆ ಒದರಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದ್ದಳು. ಆಮೇಲೆ ಆ ಹೆಸರು ಅವಳ ನಾಲಗೆಯ ಮೇಲೆ ಬಂದದ್ದಿಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ರೇಶನ್ ಆಫೀಸಿನ ಕಾರಕೂನ ಗಂಡನ ಹೆಸರೇನೆಂದು ಕೇಳಿದಾಗಲೂ ಪಕ್ಕದ ಖೋಲಿಯ ಸೇವಂತಿಯನ್ನು ಮುಂದೆ ಮಾಡಿ ತಾನು ಹಿಂದೆ ಸರಿದು ನಿಂತಿದ್ದಳು.

ಗಂಡನನ್ನು ಕರೆಯಲು ಅವಳಲ್ಲಿ ಇದ್ದದ್ದು ಒಂದೇ ಅಕ್ಷರ. ರೀ.

ಆದರೆ ಆ ಒಂದಕ್ಷರವನ್ನು ಅವಳು ಎಷ್ಟು ಬಗೆಯಲ್ಲಿ ಬಳಸುತ್ತಿದ್ದಳು! ಊಟಕ್ಕೆ ಎಬ್ಬಿಸುವ ‘ರೀ’ ಬೇರೆ, ನಲ್ಲಿಯಲ್ಲಿ ನೀರು ಬಂತೆಂದು ಅವಸರ ಮಾಡುವ ‘ರೀ’ ಬೇರೆ. ಸಿಟ್ಟು ಬಂದಾಗ ಅದು ಗಿಡ್ಡವಾಗುತ್ತಿತ್ತು. ಬೇಕಾದ್ದು ಏನಾದರೂ ಇದ್ದಾಗ ಉದ್ದವಾಗಿ ಕೊನೆಯಲ್ಲಿ ಸ್ವಲ್ಪ ಬಾಗುತ್ತಿತ್ತು. ಪರಪ್ಪ ಬೆನ್ನು ಮಾಡಿ ಕೂತಿದ್ದರೂ ಯಾವ ‘ರೀ’ ಎಂಬುದು ಅವನಿಗೆ ತಿಳಿಯುತ್ತಿತ್ತು. ವಿಲೆ ಪಾರ್ಲೆಯ ಚಾಳಿನ ಒಂದು ಖೋಲಿ, ಒಂದು ಸ್ಟೋವು, ತವರಿನಿಂದ ತಂದ ಒಂದು ಹಿತ್ತಾಳೆ ಕೊಡ. ಅವುಗಳ ಜೊತೆಗೆ ತನ್ನದೆಂದು ಹೇಳಿಕೊಳ್ಳಲು ಕಾಶವ್ವನಿಗೆ ಇದ್ದ ಆಸ್ತಿ ಅದೊಂದೇ.

ಆ ಆಸ್ತಿಗೆ ಕನ್ನ ಬಿದ್ದದ್ದು ಸಾಂತಾಕ್ರೂಜಿನ ಶೆಡ್ಡಿನಲ್ಲಿ.

ಪರಪ್ಪ ಯುದ್ಧಕಾಲದಲ್ಲಿ ಮಿಲಿಟರಿ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವನು. ಯುದ್ಧ ಮುಗಿದ ಮೇಲೆ ಅವರಿವರ ಗ್ಯಾರೇಜಿನಲ್ಲಿ ದುಡಿದು, ಈಗೊಂದು ವರ್ಷದಿಂದ ಘೋಡಬಂದರ್ ರಸ್ತೆಯ ಪಕ್ಕದಲ್ಲಿ ತನ್ನದೇ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಬರುತ್ತಿದ್ದದ್ದೆಲ್ಲ ಉಸುಕು ಹೊರುವ ಲಾರಿಗಳು, ಹಳೆಯ ಟ್ಯಾಕ್ಸಿಗಳು. ಇಂಥ ಶೆಡ್ಡಿಗೆ ಒಂದು ದಿನ ವಿಲಾಯತಿಯ ಕೆಂಪು ಮೋಟಾರೊಂದು ಬಂದು ನಿಂತಿತು. ಎರಡೇ ಸೀಟು, ತಲೆಯ ಮೇಲೆ ಮಡಚುವ ಕ್ಯಾನ್ವಾಸು, ಉದ್ದ ಮೂತಿ. ಅದನ್ನು ಓಡಿಸಿಕೊಂಡು ಬಂದವಳು ಫ್ರೇನಿಬಾಯಿ. ಬಾಂದ್ರಾದ ಪಾರ್ಸಿ ಹುಡುಗಿ. ಕತ್ತರಿಸಿದ ಕೂದಲು, ಪ್ಯಾಂಟು, ಕಪ್ಪು ಕನ್ನಡಕ. ಜುಹೂ ವಿಮಾನಪಟ್ಟಿಯ ಮೇಲೆ ನಡೆಯಲಿದ್ದ ಮೋಟಾರ್ ರೇಸಿನಲ್ಲಿ ಹೆಂಗಸರದೂ ಒಂದು ಓಟವಿತ್ತು. ಅದರಲ್ಲಿ ಓಡಬೇಕೆಂದು ಅವಳ ಹಂಬಲ.

“ಏ ಕ್ಲಚ್ ನಹೀ, ಗಧಾ ಹೈ! ಲಾತ್ ಮಾರ್ತಾ ಹೈ!” ಎಂದಿದ್ದಳಂತೆ ಬಂದವಳೇ. ಕತ್ತೆಯ ಹಾಗೆ ಒದೆಯುತ್ತದೆ ಎಂದು.

ಅವಳು ಹೇಳಿದ್ದು ನಿಜವೇ ಇತ್ತು. ಆ ಮೋಟಾರಿನ ಕ್ಲಚ್ ಪೆಡಲನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಬಲು ಬಿರುಸು. ಒತ್ತುವಾಗ ಮೀನಖಂಡ ಬಿಗಿಯುತ್ತಿತ್ತು. ಬಿಡುವಾಗ ಅಂಗಾಲಿಗೆ ಫಟ್ಟನೆ ಹೊಡೆಯುತ್ತಿತ್ತು. ಇಂಜಿನ್ನು ಯಾವ ಜಾಗದಲ್ಲಿ ಗಾಲಿಯನ್ನು ಹಿಡಿಯಿತು, ಎಲ್ಲಿ ಬಿಟ್ಟಿತು ಎಂಬುದು ಕಾಲಿಗೆ ಗೊತ್ತಾಗುತ್ತಲೇ ಇರಲಿಲ್ಲ. ಬೇರೆ ಗ್ಯಾರೇಜಿನವರೆಲ್ಲ, “ಹೀಗೇ ಇರುತ್ತದೆ, ಹೆಂಗಸರು ಓಡಿಸುವ ಗಾಡಿಯಲ್ಲ” ಎಂದು ಕಳಿಸಿಬಿಟ್ಟಿದ್ದರು. ಪರಪ್ಪ ಮಾತ್ರ ಹಾಗನ್ನಲಿಲ್ಲ. “ಕಾಲಿಗೆ ಸುದ್ದಿ ಮುಟ್ಟಬೇಕು, ಅಷ್ಟ ಅಲ್ಲೇನು? ಮಾಡೂಣು” ಎಂದ. ಈ ಒಂದು ಗಾಡಿ ರೇಸಿನಲ್ಲಿ ಚೆನ್ನಾಗಿ ಓಡಿದರೆ ಅಲ್ಲಿ ನೆರೆದ ಶೋಕಿಯ ಸಾಹೇಬರೆಲ್ಲ ತನ್ನ ಶೆಡ್ಡು ಹುಡುಕಿಕೊಂಡು ಬರುತ್ತಾರೆ, ಇಲ್ಲದಿದ್ದರೆ ಉಸುಕಿನ ಲಾರಿಯೇ ತನ್ನ ಹಣೆಬರಹ ಎಂಬುದು ಅವನಿಗೆ ಗೊತ್ತಿತ್ತು. ಕಾಶವ್ವನಿಗೂ ಗೊತ್ತಿತ್ತು. ಅವನೇ ಹೇಳಿದ್ದ.

ಅಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಲೋಕಲ್ ಹತ್ತಿ ಬಂದ ಕಾಶವ್ವ ಶೆಡ್ಡಿನ ಬಾಗಿಲಲ್ಲಿ ನಿಂತು ಎಂದಿನಂತೆ ಮೆಲ್ಲಗೆ, “ರೀ...” ಎಂದಳು. ಗಾಡಿಯ ಕೆಳಗಿನಿಂದ ಪರಪ್ಪ ಸರಕ್ಕನೆ ಹೊರಗೆ ಬಂದ. ಮಡ್‌ಗಾರ್ಡಿಗೆ ಒರಗಿ ನಿಂತಿದ್ದ ಫ್ರೇನಿಬಾಯಿ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಇಬ್ಬರನ್ನೂ ನೋಡಿದಳು. ನೋಡಿ ನಕ್ಕಳು. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಕಾಶವ್ವ ಬುತ್ತಿಯನ್ನು ಅಲ್ಲೇ ಇಟ್ಟು, ನಿಲ್ಲದೆ ತಿರುಗಿ ಬಂದುಬಿಟ್ಟಳು.

ಮರುದಿನ ಅವಳು ಶೆಡ್ಡಿನ ಹತ್ತಿರಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು.

“ರೀ! ಓ ರೀ! ಇಧರ್ ಆವ್ ನೀ!”

ಕಾಶವ್ವನ ಕಾಲು ಅಲ್ಲೇ ನಿಂತಿತು. ತನ್ನ ಬಾಯಿಯಿಂದ ಯಾರೋ ಮಾತು ಕಸಿದುಕೊಂಡು ಹೋಗಿ ಅತ್ತ ಕಡೆಯಿಂದ ಆಡಿದ ಹಾಗಾಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಕೇಳಿಸಿತು. ಗಾಡಿಯ ಕೆಳಗಿನಿಂದ ತನ್ನ ಗಂಡನ ದನಿ: “ಆಯಾ ಬಾಯಿ!” ಬಂದೆ ಎಂದು.

ಸಂಜೆ ಅವನು ಮನೆಗೆ ಬಂದು ಕೈಯ ಎಣ್ಣೆಜಿಡ್ಡನ್ನು ಬೂದಿಯಿಂದ ಉಜ್ಜುತ್ತಿರುವಾಗ ಅವಳು ಚೊಂಬಿನಿಂದ ನೀರು ಹನಿಸುತ್ತ ಕೇಳಿದಳು.

“ಅಕೀ ನಿಮ್ಮನ್ನ ಏನಂತ ಕರದ್ಲು?”

“ಯಾಕಿ?”

“ಯಾಕಿ ಅಂತ ಕೇಳಬ್ಯಾಡ್ರಿ. ನಿಮ್ಮ ಬಾಯಿ.”

ಪರಪ್ಪ ನಕ್ಕ. “ಹೋ, ಅದಾ? ನೀ ಕರದದ್ದ ಕೇಳಿ ಅದ ನನ್ನ ಹೆಸರಂತ ತಿಳಕೊಂಡಾಳ. ಮೊದಲ ಪಾರಪ್, ಪರೋಪ ಅಂತ ಏನೇನರ ಅಂತಿದ್ಲು. ಇದು ಸಣ್ಣದು ನೋಡು, ಬಾಯಾಗ ಸಲೀಸ ಬರತೈತಿ.”

“ಹಂಗಲ್ಲಂತ ನೀವು ಹೇಳಲಿಲ್ಲೇನು?”

“ಏನಂತ ಹೇಳ್ಲಿ? ‘ಬಾಯೀ, ಇದು ನನ್ನ ಹೇಂತಿ ಕರಿಯೂ ಮಾತು’ ಅಂತ ಹೇಳ್ಲ್ಯಾ? ನಾಚಿಕಿ ಆಗೂದಿಲ್ಲೇನ? ಬಿಡ, ಹುಚ್ಚಿ. ಗಿರಾಕಿ ಏನಂದ್ರೇನಾತು, ಕೆಲಸ ಆದ್ರ ಸಾಕು.”

ಮಾತು ಸರಿಯೇ ಇತ್ತು. ಆದರೆ ಹೇಳುವಾಗ ಅವನ ಮೀಸೆಯ ತುದಿಯಲ್ಲಿ ಒಂದು ನಗೆ ಇಣುಕಿದ್ದನ್ನು ಕಾಶವ್ವ ಕಂಡಳು. ಅವಳಿಗೆ ಚುಚ್ಚಿದ್ದು ಆ ನಗೆ. ಇವನಿಗೂ ಹಿತವಾಗಿಯೇ ಇದೆ! ಚೊಂಬಿನ ನೀರನ್ನೆಲ್ಲ ಒಂದೇ ಸಲಕ್ಕೆ ಸುರಿದು ಎದ್ದುಹೋದಳು.

ಮನಸ್ಸು ತಡೆಯದೆ ಮರುದಿನ ನಲ್ಲಿಯ ಬಳಿ ಸೇವಂತಿಗೆ ಹೇಳಿದಳು. ಸೇವಂತಿ ಉಡುಪಿಯ ಕಡೆಯವಳು. ಅವಳ ಗಂಡ ಮೋನಪ್ಪ ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದ. ಸೇವಂತಿ ಬಾಲ್ದಿಯನ್ನು ಕೆಳಗಿಟ್ಟು ಕಣ್ಣರಳಿಸಿದಳು.

“ಎಂತ? ‘ರೀ’ ಅಂತ ಕರೀತಾಳಾ? ಅಯ್ಯೋ ದೇವರೇ! ನಮ್ಮವರನ್ನು ಹೋಟೆಲಿಗೆ ಬರುವವರೆಲ್ಲ ‘ಅಣ್ಣಾ’ ಅಂತಾರೆ. ಅಣ್ಣ ಅಂದ್ರೆ ಏನೂ ತೊಂದರೆ ಇಲ್ಲ. ಆದ್ರೆ ‘ರೀ’! ಇವತ್ತು ‘ರೀ’ ಅಂದವಳು ನಾಳೆ ‘ನಮ್ಮವರು’ ಅಂತಾಳೆ ಮಾರಾಯ್ತಿ. ನೀನೊಬ್ಬಳು, ಬಾಯಿ ಇದ್ದೂ ಮೂಗಿ. ಹೋಗಿ ಹೇಳಬಾರದಾ?”

“ಯಾವ ಭಾಷಾದಾಗ ಹೇಳ್ಲವ್ವಾ? ನಂಗ ಹಿಂದಿ ಬರೂದಿಲ್ಲ.”

“ಜಗಳಕ್ಕೆ ಭಾಷೆ ಯಾಕೆ?” ಎಂದು ಸೇವಂತಿ ತುಂಬಿದ ಬಾಲ್ದಿಯನ್ನೆತ್ತಿಕೊಂಡು ನಡೆದಳು. ಆದರೆ ಕಾಶವ್ವ ಜಗಳದ ಜಾತಿಯವಳಲ್ಲ. ಅವಳ ಕಿಚ್ಚು ಬಾಯಿಂದ ಹೊರಗೆ ಬರುವಂಥದ್ದಲ್ಲ. ಬೂದಿ ಮುಚ್ಚಿದ ಕುಳ್ಳಿನ ಹಾಗೆ ಒಳಗೊಳಗೇ ಹೊಗೆಯಾಡುವಂಥದ್ದು.

ಹೊಗೆಯಾಡಲು ದಿನಕ್ಕೊಂದು ಕಾರಣವೂ ಸಿಗುತ್ತಿತ್ತು. ಪರಪ್ಪ ಈಗ ಊಟಕ್ಕೆ ಕೂತರೂ ಕಾಲಿನ ಮಾತೇ. “ಅಕೀ ಕಾಲು ಭಾಳ ಹಗೂರ. ಹೆಬ್ಬಟ್ಟಿನ ಬುಡದಾಗ ಒತ್ತತಾಳ, ಹಿಮ್ಮಡಿಯಿಂದ ಅಲ್ಲ. ಅದಕ್ಕ ಸ್ಪ್ರಿಂಗ ಸುರುವಿಗೆ ಸ್ವಲ್ಪ ಗಟ್ಟಿ ಇರಬೇಕು, ಕಡೀಕ ಸಡಲ ಬಿಡಬೇಕು” ಎಂದು ರೊಟ್ಟಿಯ ತುಂಡನ್ನು ಪೆಡಲಿನ ಹಾಗೆ ಬಗ್ಗಿಸಿ ತೋರಿಸುತ್ತಿದ್ದ. ತನ್ನ ಹೆಂಡತಿ ಹಿಮ್ಮಡಿಯಿಂದ ನಡೆಯುತ್ತಾಳೋ ಹೆಬ್ಬೆರಳಿನಿಂದಲೋ ಈ ಮನುಷ್ಯ ಇಷ್ಟು ವರ್ಷಗಳಲ್ಲಿ ಎಂದಾದರೂ ನೋಡಿದ್ದುಂಟೆ ಎಂದು ಕಾಶವ್ವ ಸ್ಟೋವಿನ ಉರಿಯನ್ನು ನೋಡುತ್ತ ಕೂರುತ್ತಿದ್ದಳು.

ಒಂದು ಸಂಜೆ ಅವನು ಚೋರ್ ಬಜಾರಿನಿಂದ ತಂದ ಉಕ್ಕಿನ ತಂತಿಯಿಂದ ತಾನೇ ಸುತ್ತಿ, ಕಾಸಿ, ಎಣ್ಣೆಯಲ್ಲಿ ಅದ್ದಿ ಹದ ಮಾಡಿದ ಮೂರು ಸ್ಪ್ರಿಂಗುಗಳನ್ನು ಮನೆಗೆ ತಂದ. ನೋಡಲು ಮೂರೂ ಒಂದೇ ತರಹ. ಒಂದು ಬಿರುಸು, ಒಂದು ಮೆದು, ಒಂದು ನಡುವಿನದು. ಯಾವುದು ಎಷ್ಟು ಎಳೆಯುತ್ತದೆ ಎಂದು ನೋಡಬೇಕಿತ್ತು. ಕಿಟಕಿಯ ಸರಳಿಗೆ ಒಂದೊಂದನ್ನೇ ಸಿಗಿಸಿ, ಕೆಳಗೆ ಏನು ತೂಗುಹಾಕುವುದೆಂದು ಸುತ್ತ ನೋಡಿದವನು ಕಾಶವ್ವನ ಹಿತ್ತಾಳೆ ಕೊಡವನ್ನು ಎತ್ತಿಕೊಂಡ. ಕೊಡದ ಕೊರಳಿಗೆ ಹಗ್ಗ ಕಟ್ಟಿ ತೂಗಿಬಿಟ್ಟು, ಸ್ಪ್ರಿಂಗು ಗೋಡೆಯ ಮೇಲೆ ಎಳೆದ ಇದ್ದಿಲಿನ ಗೆರೆಗೆ ಮುಟ್ಟುವ ತನಕ ತಂಬಿಗೆಯಿಂದ ನೀರು ಹಾಕುತ್ತ ಹೋದ.

“ಅದು ಕುಡಿಯೂ ನೀರ್ರೀ” ಎಂದಳು ಕಾಶವ್ವ.

“ಮತ್ತ ತುಂಬಿದ್ರಾತು ತಗಿ.”

ತವರಿನ ಕೊಡ. ಅವ್ವ ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರದ ಹಾಗೆ ಮಾಡಿ ಕಳಿಸಿದ ಕೊಡ. ಅದು ಈಗ ಕಿಟಕಿಯಲ್ಲಿ ಜೋತುಬಿದ್ದು ಯಾರದೋ ಕಾಲಿನ ಸೇವೆ ಮಾಡುತ್ತಿತ್ತು.

ಅಳತೆ ಮಾಡುತ್ತ ಪರಪ್ಪ ತನ್ನ ಪಾಡಿಗೆ ಮಾತಾಡುತ್ತಿದ್ದ. “ಬಿರುಸಾದ್ರ ಕಾಲ ನೋಯತೈತಿ, ಅಷ್ಟ. ಮೆದು ಆತಂದ್ರ ಭಾಳ ಕೆಟ್ಟ. ಪೆಡಲ್ ಪೂರಾ ಮ್ಯಾಲ ಬರೂದಿಲ್ಲ. ನಿಂತಾಗ ಗೊತ್ತಾಗೂದಿಲ್ಲ, ಜೋರ ಓಡಸೂ ಮುಂದ ಹಿಂದ ಬೀಳತೈತಿ. ಕ್ಲಚ್ ಅರ್ಧಾ ಒತ್ತಿದಂಗ ಉಳದು, ಜಾರಿ ಜಾರಿ, ಒಳಗಿನ ಪ್ಲೇಟ ಸುಟ್ಟು ಕರ್ರಗ ಆಗತೈತಿ. ಮಂದೀ ಮುಂದ ಹೊಗಿ ಬಂತಂದ್ರ ನಮ್ಮ ಶೆಡ್ಡಿನ ಬಾಗಲಾ ಮುಚ್ಚಿದಂಗ.”

ಕಾಶವ್ವ ಇದನ್ನೆಲ್ಲ ಕೇಳಿಸಿಕೊಂಡಳು.

ರೇಸಿನ ಹಿಂದಿನ ವಾರ ಫ್ರೇನಿಬಾಯಿ ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು ಪುಣೆಗೆ ಹೋದಳು. ಬರುವುದು ರೇಸಿನ ಬೆಳಿಗ್ಗೆಯೇ. ಬುತ್ತಿ ಕೊಡಲು ಬಂದ ಕಾಶವ್ವನನ್ನು ಪರಪ್ಪ ತಡೆದ.

“ಏ, ಕೇಳಿಲ್ಲಿ. ಸ್ವಲ್ಪ ಗಾಡ್ಯಾಗ ಕೂಡು.”

“ನಾನಾ? ಯಾಕ್ರಿ?”

“ಪೆಡಲ್ ಒತ್ತಿ ಹೇಳು. ನನ್ನ ಕಾಲಿಗೆ ಲಾರಿ ತುಳದು ತುಳದು ಜಡ್ಡ ಕಟ್ಟೈತಿ, ಏನೂ ತಿಳಿಯೂದಿಲ್ಲ. ನಿಂದೂ ಅಕೀದೂ ಒಂದ ಎತ್ತರ, ಚಪ್ಪಲೀ ಅಳತಿನೂ ಒಂದ.”

ಚಪ್ಪಲಿಯ ಅಳತೆ! ಅದನ್ನು ಇವನು ಯಾವಾಗ ನೋಡಿದ? ಕಾಶವ್ವ ಕೇಳಲಿಲ್ಲ. ಚಪ್ಪಲಿ ಕಳಚಿ, ಸೀರೆಯ ನೆರಿಗೆ ಹಿಡಿದುಕೊಂಡು, ಆ ತಗ್ಗಿನ ಸೀಟಿನಲ್ಲಿ ಇಳಿದು ಕೂತಳು. ಕಾಲು ಮುಂದಕ್ಕೆ ಚಾಚಬೇಕಿತ್ತು, ಹೆಚ್ಚುಕಡಿಮೆ ಮಲಗಿದ ಹಾಗೆ. ಸೀಟಿನಲ್ಲಿ ಆ ಹುಡುಗಿಯ ಸೆಂಟಿನ ವಾಸನೆ ಇನ್ನೂ ಇತ್ತು.

ಪರಪ್ಪ ಕೆಳಗೆ ಮಲಗಿ ಮೊದಲ ಸ್ಪ್ರಿಂಗನ್ನು ಸಿಗಿಸಿ, “ಒತ್ತು” ಎಂದ. ಒತ್ತಿದಳು. ಬಿರುಸಾಗಿತ್ತು. “ಜಡ ಐತ್ರಿ” ಎಂದಳು, ಅದು ನಿಜ.

ಎರಡನೆಯದನ್ನು, ನಡುವಿನದನ್ನು, ಸಿಗಿಸಿದ. ಅದರ ಕೊಕ್ಕೆಗೆಂದು ಅವನು ಪೆಡಲಿನ ಕಬ್ಬಿಣದ ಪಟ್ಟಿಯಲ್ಲಿ ಎರಡು ಬೆರಳು ಕೆಳಗೆ ಹೊಸ ತೂತು ಕೊರೆದಿದ್ದ. ಕಾಶವ್ವ ಒತ್ತಿದಳು. ಪೆಡಲು ಅಂಗಾಲಿಗೆ ಮೊದಲು ಸ್ವಲ್ಪ ಎದುರು ನಿಂತು, ಆಮೇಲೆ ಸರಿ ಬಾ ಎಂಬಂತೆ ದಾರಿಬಿಟ್ಟು ಕೆಳಗೆ ಹೋಯಿತು. ಬಿಟ್ಟಳು. ಹೊಡೆಯದೆ, ಹಿಂದೆ ಬೀಳದೆ, ಅಂಗಾಲನ್ನು ಹಿಡಿದುಕೊಂಡೇ ಮೇಲೆ ಬಂತು. ಅವಳಿಗೆ ಒಮ್ಮೆಲೇ ತವರಿನ ಅಡುಗೆಮನೆ ನೆನಪಾಯಿತು. ರೊಟ್ಟಿ ಬಡಿಯುತ್ತ, ಎಡಗಾಲಿನಿಂದ ತಮ್ಮನ ತೊಟ್ಟಿಲು ತೂಗುತ್ತಿದ್ದಳು. ನೂಕಿದ ತೊಟ್ಟಿಲು ಹೋಗಿ, ತಿರುಗಿ, ಸರಿಯಾದ ಹೊತ್ತಿಗೆ ಬಂದು ಅಂಗಾಲಿಗೆ ತಾಕುತ್ತಿತ್ತು. ಕಣ್ಣಿಂದ ನೋಡಬೇಕಿರಲಿಲ್ಲ. ಹಾಗೆಯೇ ಇತ್ತು ಇದು. ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ. ಬಿಡಲು ಮನಸ್ಸಾಗಲಿಲ್ಲ.

“ಹೆಂಗೈತಿ?” ಎಂದ ಪರಪ್ಪ ಕೆಳಗಿನಿಂದ. ಅವನ ದನಿಯಲ್ಲಿ ಆಸೆಯಿತ್ತು. “ಚಲೋ ಆತಲ್ಲಾ? ಫ್ರೇನಿಬಾಯಿ ಕಾಲಿಗೆ ಹೂ ಇಟ್ಟಂಗ ಆಗತೈತಿ ನೋಡು!”

ತೊಟ್ಟಿಲು ಅಲ್ಲಿಗೇ ನಿಂತುಹೋಯಿತು. ಇಷ್ಟು ಚೆಂದದ್ದನ್ನು ಅವನು ಹೆಂಡತಿಯ ಕಾಲಿನಿಂದ ಅಳೆದು ಆ ಹುಡುಗಿಯ ಕಾಲಿಗೆ ಕೊಡುತ್ತಾನೆ. ಕೊಟ್ಟಮೇಲೆ ಅವಳು ಊರೆಲ್ಲ ಕೇಳುವ ಹಾಗೆ ‘ರೀ’ ಎನ್ನುತ್ತಾಳೆ. ಇವನು ‘ಆಯಾ ಬಾಯಿ’ ಎನ್ನುತ್ತಾನೆ.

“ಇಲ್ಲ. ಇನ್ನೂ ಜಡ ಐತಿ” ಎಂದಳು ಕಾಶವ್ವ.

“ಜಡ? ಖರೇನಾ?”

“ಖರೇನ. ಕಾಲ ಹಿಡೀತೈತಿ.”

ಪರಪ್ಪ ಅದನ್ನು ಬಿಚ್ಚಿ ತೆಗೆದ. ಆಮೇಲೆ ಮೂರನೆಯದನ್ನು, ಮೆದುವಾದದ್ದನ್ನು, ಸಿಗಿಸಿದ. ಕಾಶವ್ವ ಒತ್ತಿದಳು. ಪೆಡಲು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಯಿತು. ಬಿಟ್ಟಾಗ ಮಾತ್ರ ಅಂಗಾಲಿಗಿಂತ ಒಂದು ಗಳಿಗೆ ತಡವಾಗಿ, ಬೇಸರದಿಂದ ಎದ್ದವರ ಹಾಗೆ ಮೇಲೆ ಬಂತು. ಅವಳ ಕಾಲಿಗೆ ಅದು ಗೊತ್ತಾಯಿತು.

“ಇದ ಬರೋಬ್ಬರಿ” ಎಂದಳು.

ಅವನು ಹೊರಗೆ ಬಂದು ಕೈಯಿಂದ ಪೆಡಲನ್ನು ಒತ್ತಿ ಬಿಟ್ಟು ನೋಡಿದ. ತಲೆ ಕೆರೆದುಕೊಂಡ. “ನಂಗ ಸ್ವಲ್ಪ ಮೆತ್ತಗಾತು ಅನಸತೈತಿ. ಆದ್ರ ಕಾಲು ನಿಂದು. ನೀ ಹೇಳಿದ್ದ ಖರೆ” ಎಂದು ಉಳಿದ ಎರಡನ್ನೂ ಸಾಮಾನಿನ ಚೀಲಕ್ಕೆ ಹಾಕಿದ.

ನೀ ಹೇಳಿದ್ದ ಖರೆ. ಅಂದು ಮನೆಗೆ ಹೋಗುವ ಲೋಕಲ್ಲಿನಲ್ಲಿ ಆ ಮಾತು ಅವಳ ಪಕ್ಕದಲ್ಲೇ ಕೂತು ಬಂತು. ಆಮೇಲಿನ ದಿನಗಳಲ್ಲೂ ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಎಡಗಾಲು ತಾನಾಗಿಯೇ ನೆಲವನ್ನು ಒತ್ತಿ ನೋಡುತ್ತಿತ್ತು. ಹೇಳಿಬಿಡಬೇಕು ಎಂದುಕೊಳ್ಳುವಳು, ಅಷ್ಟರಲ್ಲಿ ಪರಪ್ಪ, “ಫ್ರೇನಿಬಾಯಿ ಪುಣೇದಿಂದ ಹೊತ್ತಿಗೆ ಸರಿ ಬರತಾಳೋ ಇಲ್ಲೋ” ಎನ್ನುವನು. ಬಾಯಿ ಮತ್ತೆ ಹೊಲಿದುಕೊಳ್ಳುತ್ತಿತ್ತು. ಸುಡಲಿ. ಮಂದಿ ಮುಂದೆ ಹೊಗೆ ಎದ್ದರೆ ಅವಳು ತಾನಾಗಿ ಬೇರೆ ಗ್ಯಾರೇಜು ಹುಡುಕುತ್ತಾಳೆ. ಶೆಡ್ಡು? ಶೆಡ್ಡಿನ ಮಾತು ಬಂದಾಗ ಮನಸ್ಸು ಮುಖ ತಿರುಗಿಸುತ್ತಿತ್ತು.

ರೇಸಿನ ದಿನ ರವಿವಾರ. ಪರಪ್ಪ ಒಗೆದ ಖಾಕಿ ಅಂಗಿ ತೊಟ್ಟು, “ನೀನೂ ಬಾ. ನಿನ್ನ ಕಾಲಿನ ಕೆಲಸ ನೀನ ನೋಡಬ್ಯಾಡೇನು?” ಎಂದು ಅವಳನ್ನೂ ಹೊರಡಿಸಿದ.

ಜುಹೂ ವಿಮಾನಪಟ್ಟಿಯ ಸುತ್ತ ಜನವೋ ಜನ. ಹಗ್ಗ ಕಟ್ಟಿದ್ದರು. ಒಳಗೆ ಬಣ್ಣಬಣ್ಣದ ಮೋಟಾರುಗಳು, ಬಿಳಿ ಹ್ಯಾಟಿನ ಸಾಹೇಬರು, ಪೆಟ್ರೋಲಿನ ವಾಸನೆ, ಕಿವಿ ತೂತು ಬೀಳುವಂಥ ಸದ್ದು. ಕಾಶವ್ವ ಹಗ್ಗದ ಹೊರಗೆ ನಿಂತಳು. ಪರಪ್ಪ ಚೀಲ ಹೆಗಲಿಗೇರಿಸಿಕೊಂಡು ಹಗ್ಗ ದಾಟಿ ಕೆಂಪು ಗಾಡಿಯ ಬಳಿಗೆ ಹೋದ. ಫ್ರೇನಿಬಾಯಿ ತಲೆಗೆ ರುಮಾಲು ಕಟ್ಟಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ರೀ, ಹವಾ ದೇಖೋ. ರೀ, ಪಾನಿ ಡಾಲೋ. ರೀ, ಯಹಾಂ. ರೀ, ವಹಾಂ. ಪಕ್ಕದ ಗಾಡಿಯವರೂ ಕೇಳಿ ಕಲಿತು, “ಏ ರೀ, ಜರಾ ಪಾನಾ ದೇ” ಎಂದು ಸ್ಪ್ಯಾನರು ಕೇಳತೊಡಗಿದ್ದರು. ತನ್ನ ಖೋಲಿಯೊಳಗಿನ ಮಾತು ಬೀದಿಗೆ ಬಿದ್ದು, ಬಂದವರು ಹೋದವರು ತುಳಿದಾಡಿದ ಹಾಗೆ ಕಾಶವ್ವನಿಗೆ ಸಂಕಟವಾಯಿತು.

ಆಗ ಗಂಡಸರ ಓಟವೊಂದು ಮುಗಿಯುತ್ತಿತ್ತು. ಒಂದು ಹಸಿರು ಗಾಡಿ ನಡುವಿನಲ್ಲೇ ನಿಂತಿತು. ಅದರ ಹೊಟ್ಟೆಯಿಂದ ಬಿಳಿ ಹೊಗೆ ಎದ್ದಿತು. ಜನ ಹೋ ಎಂದು ನಕ್ಕರು, ಸೀಟಿ ಹೊಡೆದರು. ಆ ಗಾಡಿಯ ಮೆಕ್ಯಾನಿಕ್, ಒಬ್ಬ ವಯಸ್ಸಾದ ಮನುಷ್ಯ, ಹೆಗಲ ಮೇಲಿನ ಬಟ್ಟೆಯಿಂದ ಹೊಗೆಯನ್ನು ಬಡಿಯುತ್ತ ಅದರ ಹಿಂದೆ ಓಡಿದ. ಗಾಡಿಯ ಸಾಹೇಬ ಇಳಿದು ಬಂದು ಎಲ್ಲರೆದುರು ಅವನಿಗೆ ಬೈಯತೊಡಗಿದ. ಅವನು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತ.

ಕಾಶವ್ವನಿಗೆ ಆ ಮುದುಕನ ಮೈಮೇಲೆ ಗಂಡನ ಒಗೆದ ಖಾಕಿ ಅಂಗಿ ಕಂಡಿತು.

ಅಷ್ಟರಲ್ಲಿ ಹೆಂಗಸರ ಓಟಕ್ಕೆ ಗಾಡಿಗಳನ್ನು ಕರೆದರು. ಪರಪ್ಪ ಕೆಂಪು ಗಾಡಿಯ ಹಿಂದೆ ಕೈಯಿಟ್ಟು ನೂಕುತ್ತ ಹೊರಟ.

“ರೀ!” ಎಂದು ಕೂಗಿದಳು ಕಾಶವ್ವ.

ಪರಪ್ಪ ತಿರುಗಿ ನೋಡಲಿಲ್ಲ. ನೂಕುತ್ತಲೇ ಒಂದು ಕೈ ಮೇಲೆತ್ತಿ, “ಆಯಾ ಬಾಯಿ, ಆಯಾ!” ಎಂದ.

ತನ್ನ ಕರೆ ಅವನಿಗೆ ಫ್ರೇನಿಬಾಯಿಯ ಕರೆಯಾಗಿ ಕೇಳಿಸಿತ್ತು. ಯಾವ ‘ರೀ’ ಯಾವುದೆಂದು ಬೆನ್ನಿನಿಂದಲೇ ತಿಳಿಯುತ್ತಿದ್ದವನಿಗೆ. ಕಾಶವ್ವನ ಕಣ್ಣಲ್ಲಿ ಬೆಂಕಿಯೂ ನೀರೂ ಕೂಡಿಯೇ ಬಂದವು. ಇನ್ನು ಅವಳ ಬಳಿ ಉಳಿದದ್ದು ಒಂದೇ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆಯೊಳಗಿನ ಉಸಿರನ್ನೆಲ್ಲ ಎಳೆದು ಕೂಗಿದಳು:

“ಪರಪ್ಪಾ!”

ಪರಪ್ಪ ಗಕ್ಕನೆ ನಿಂತ. ಅವ್ವ ಬಿಟ್ಟರೆ ಹೆಣ್ಣುದನಿಯಲ್ಲಿ ಈ ಹೆಸರನ್ನು ಹೀಗೆ ಯಾರೂ ಕರೆದವರಿಲ್ಲ. ಓಡಿಬಂದ. ಮುಖ ಬಿಳಿಚಿತ್ತು. “ಏನಾತು? ಏನಾತು?”

“ಅದನ್ನ ತಗೀರಿ” ಎಂದಳು. “ಆ ಸ್ಪ್ರಿಂಗ ತಗೀರಿ. ಎರಡನೇದ್ದ ಹಾಕ್ರಿ. ನಾ ಸುಳ್ಳ ಹೇಳೇನಿ. ಎರಡನೇದ್ದ ಬರೋಬ್ಬರಿ ಇತ್ತು.”

ಅವನು ಅವಳ ಮುಖವನ್ನೇ ನೋಡಿದ. ಅವಳ ರಟ್ಟೆ ಹಿಡಿದು ಹಗ್ಗದ ಕೆಳಗಿನಿಂದ ಒಳಗೆ ಎಳೆದುಕೊಂಡು ಗಾಡಿಯ ಕಡೆಗೆ ನಡೆದ. “ಏಕ್ ಮಿನಿಟ್ ಬಾಯಿ” ಎಂದವನೇ ಚೀಲ ಕೊಡವಿ ಗಾಡಿಯ ಕೆಳಗೆ ನುಸುಳಿದ.

ಇಬ್ಬರು ಹೆಂಗಸರು ಎದುರುಬದುರು ನಿಂತರು. ಫ್ರೇನಿಬಾಯಿ ಕನ್ನಡಕ ತೆಗೆದು, ಆತಂಕದಿಂದಲೇ ನಕ್ಕು, ಕಾಶವ್ವನ ಕಾಲನ್ನು ತೋರಿಸಿ ಮರಾಠಿಯಲ್ಲಿ ಹೇಳಿದಳು. ಚಾಳಿನಲ್ಲಿ ನಿತ್ಯ ಕಿವಿಗೆ ಬೀಳುವ ಭಾಷೆ, ಕಾಶವ್ವನಿಗೆ ತಿಳಿಯಿತು. ನಿನ್ನ ಕಾಲಿನ ಅಳತೆಗೇ ಮಾಡಿದ್ದಂತೆ ಇದು, ‘ರೀ’ ನನಗೆ ಹೇಳಿದ.

ಅವನು ಹೇಳಿದ್ದಾನೆ! ನನ್ನ ಹೆಂಡತಿಯ ಕಾಲು ಎಂದು ಇವಳಿಗೆ ಹೇಳಿದ್ದಾನೆ. ಅದು ಹಿತವಾಗುವಷ್ಟರಲ್ಲಿ ಆ ‘ರೀ’ ಮತ್ತೆ ಮುಳ್ಳಿನ ಹಾಗೆ ತಾಗಿತು. ಒಮ್ಮೆ ಹೆಸರನ್ನೇ ಕೂಗಿದ ಬಾಯಿಗೆ ಇನ್ನೆಂಥ ಸಂಕೋಚ? ಕಾಶವ್ವ ಆ ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು, ತನಗೆ ಗೊತ್ತಿದ್ದ ಮರಾಠಿಯಲ್ಲಿ ಹೇಳಿದಳು.

“ಬಾಯಿ, ‘ರೀ’ ಮ್ಹಣಜೆ ‘ಅಹೋ’.”

ಮರಾಠಿ ಹೆಂಗಸರು ಗಂಡನ ಹೆಸರು ಹೇಳದೆ ‘ಅಹೋ’ ಎಂದು ಕರೆಯುವುದು ಬಾಂದ್ರಾದ ಹುಡುಗಿಗೆ ಗೊತ್ತಿಲ್ಲದ್ದೇನಲ್ಲ. ಫ್ರೇನಿಬಾಯಿ ಮೊದಲು ಕಣ್ಣು ಕಿರಿದು ಮಾಡಿದಳು. ಆಮೇಲೆ ಅದು ಅವಳಿಗೆ ಹೊಳೆಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಿವಿಯ ತನಕ ಮುಖ ಕೆಂಪೇರಿ ಗಾಡಿಗೂ ಅವಳಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲದಂತಾಯಿತು.

“ಅರೇ ಖುದಾ! ಮೈ ಇತನೇ ದಿನ್...” ಎಂದು, ಇಷ್ಟು ದಿನವೂ ಹಾಗೇ ಕರೆದೆನಲ್ಲ ಎಂಬಂತೆ ಕಾಶವ್ವನ ಕೈ ಹಿಡಿದುಕೊಂಡಳು. ಹಿಡಿದ ಕೈ ಬೆವರಿತ್ತು. ಇವಳಿಗೂ ಭಯವಿದೆ, ಇವಳೂ ತನ್ನ ವಾರಿಗೆಯವಳೇ ಎಂದು ಕಾಶವ್ವನಿಗೆ ಆಗ ಮೊದಲ ಸಲ ಕಂಡಿತು. ಕೈಯನ್ನು ಮಾತ್ರ ಅವಳು ಬಿಡಿಸಿಕೊಂಡಳು.

ಪರಪ್ಪ ಧೂಳು ಕೊಡವುತ್ತ ಎದ್ದ. ಫ್ರೇನಿಬಾಯಿ ಸೀಟಿಗೆ ಹಾರಿ ಕೂತು, ಪೆಡಲನ್ನೊಮ್ಮೆ ಒತ್ತಿ ಬಿಟ್ಟಳು. ಅವಳ ಹುಬ್ಬು ಮೇಲೇರಿತು. ಮತ್ತೊಮ್ಮೆ ಒತ್ತಿದಳು. ಮತ್ತೂ ಒಮ್ಮೆ. ಬಿಡಲು ಮನಸ್ಸಾಗದವರು ಹೇಗೆ ಒತ್ತುತ್ತಾರೆಂದು ಕಾಶವ್ವನಿಗೆ ಗೊತ್ತಿತ್ತು.

ಓಟದಲ್ಲಿ ಕೆಂಪು ಗಾಡಿ ಎರಡನೆಯದಾಗಿ ಬಂತು. ಮೊದಲು ಬಂದದ್ದು ಅದರ ಎರಡರಷ್ಟು ದೊಡ್ಡ ಗಾಡಿ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜನ ನೋಡಿದ್ದು ತಿರುವಿನಲ್ಲಿ ಚಿಕ್ಕ ಗಾಡಿ ಗಿಯರು ಬದಲಿಸಿದ ಬಗೆಯನ್ನು. ಒಂದು ಕರಕರ ಇಲ್ಲ, ಒಂದು ಜಗ್ಗು ಇಲ್ಲ. ಇಳಿದವಳೇ ಫ್ರೇನಿಬಾಯಿ, “ಪರಪ್ಪ ಭಾಯ್! ಕ್ಲಚ್ ಏಕದಮ್ ಮಸ್ಕಾ!” ಎಂದು ಕೂಗಿದಳು, ಬೆಣ್ಣೆಯ ಹಾಗಿದೆ ಎಂದು. ಹೆಸರು ಈ ಸಲ ಸರಿಯಾಗಿಯೇ ಬಂತು, ಕಾಶವ್ವ ಕೂಗಿದ್ದ ಧಾಟಿಯಲ್ಲೇ. ಬಿಳಿ ಹ್ಯಾಟಿನ ಇಬ್ಬರು ಸಾಹೇಬರು ಪರಪ್ಪನನ್ನು ಪಕ್ಕಕ್ಕೆ ಕರೆದು ಶೆಡ್ಡು ಎಲ್ಲಿದೆಯೆಂದು ವಿಚಾರಿಸಿದರು.

ಗಂಡಹೆಂಡಿರಿಬ್ಬರೂ ಪಾರ್ಲೆಯ ಕಡೆಗೆ ನಡೆದೇ ಹೊರಟರು. ಬಿಸಿಲು ಇಳಿಯುತ್ತಿತ್ತು. ಕೊನೆಗೆ ಪರಪ್ಪನೇ, ಮುಂದೆ ನೋಡುತ್ತಲೇ ಕೇಳಿದ.

“ಸುಳ್ಳ ಯಾಕ ಹೇಳಿದಿ?”

“ಅಕೀಗೆ ನೀವು ಯಾಕ ತಿಳಿಸಿ ಹೇಳಲಿಲ್ಲ?”

ಎರಡು ಪ್ರಶ್ನೆಗಳೂ ಅವರ ನಡುವೆ ಸ್ವಲ್ಪ ದೂರ ಜೊತೆಯಾಗಿ ನಡೆದವು.

“ನಿನ್ನ ಮಾತ ಕೇಳಿ ನನ್ನ ಕೈ ಹೇಳಿದ್ದ ಬಿಟ್ನಿ” ಎಂದ ಪರಪ್ಪ ಆಮೇಲೆ. “ಇನ್ನ ಮ್ಯಾಲ ಹಂಗ ಮಾಡಬ್ಯಾಡ. ಸಿಟ್ಟ ಇದ್ರ ನನ್ನ ಮ್ಯಾಲ ಒದರು. ಕೆಲಸದ ಮ್ಯಾಲ ಬ್ಯಾಡ.”

“ಹೂಂ” ಎಂದಳು ಕಾಶವ್ವ.

“ನಂದೂ ತಪ್ಪೈತಿ.” ಅವನು ಮೀಸೆ ಒರೆಸಿಕೊಂಡ. “ಕೇಳಾಕ ಚಲೋ ಅನಸ್ತಿತ್ತು. ಸುಳ್ಳ ಯಾಕ ಹೇಳ್ಲಿ?”

ಅದು ಅವಳಿಗೆ ಗೊತ್ತೇ ಇತ್ತು. ಅವನ ಬಾಯಿಂದ ಕೇಳಿದಾಗ ನೋವು ಕಡಿಮೆಯಾದೀತೆಂದುಕೊಂಡಿದ್ದಳು, ಹೆಚ್ಚೇ ಆಯಿತು. ಆದರೂ ಅವನು ಹೇಳಿದನಲ್ಲ ಎಂದುಕೊಂಡಳು.

“ಮಂದ್ಯಾಗ ಹೆಸರ ಹಿಡದ ಒದರಿದಿ. ನಮ್ಮವ್ವ ಕೇಳಿದ್ರ ಏನಂತಿದ್ಲು?”

“ಇನ್ನೊಮ್ಮೆ ಒದರ್ಲ್ಯಾ?”

ಪರಪ್ಪ ಗಾಬರಿಯಾಗಿ ಅತ್ತಿತ್ತ ನೋಡಿ, ನಕ್ಕುಬಿಟ್ಟ.

ಹಿಂದಿನಿಂದ ಹಾರ್ನು ಕೇಳಿಸಿತು. ಕೆಂಪು ಗಾಡಿ ಅವರ ಪಕ್ಕದಿಂದಲೇ ಹೋಯಿತು. ಫ್ರೇನಿಬಾಯಿ ಕೈ ಬೀಸಿದಳು, ಯಾರ ಹೆಸರನ್ನೂ ಕೂಗಲಿಲ್ಲ. ತುಸು ಮುಂದೆ ರಸ್ತೆ ಏರುವಲ್ಲಿ ಗಿಯರು ಬದಲಾಯಿತು. ಅದೇ ಗಳಿಗೆಗೆ ಕಾಶವ್ವನ ಎಡಗಾಲು, ಅವಳನ್ನು ಕೇಳದೆ, ಧೂಳಿನಲ್ಲಿ ಮೆಲ್ಲಗೆ ಒತ್ತಿ ಮೇಲೆದ್ದಿತು. ಆ ಹುಡುಗಿಯ ಅಂಗಾಲಿಗೆ ಈಗ ತನ್ನ ತೊಟ್ಟಿಲು ಬಂದು ತಾಕುತ್ತಿದೆ. ಬಾಂದ್ರಾಕ್ಕೆ, ಮಲಬಾರ್ ಹಿಲ್ಲಿಗೆ, ಪುಣೆಗೆ, ಎಲ್ಲೆಲ್ಲಿಗೆ ಅವಳು ಹೋದರೂ ತಾಕುತ್ತಲೇ ಇರುತ್ತದೆ. ಮಾತನ್ನೇನೋ ಹಿಂದಕ್ಕೆ ಕೊಟ್ಟು ಹೋದಳು. ಇದನ್ನು ಯಾವ ಭಾಷೆಯಲ್ಲಿ ಹಿಂದಕ್ಕೆ ಕೇಳುವುದು?

ಧೂಳು ಅಡಗುವ ತನಕ ಅವಳು ಅಲ್ಲೇ ನಿಂತಳು. ಪರಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ.

“ರೀ” ಎಂದಳು ಕಾಶವ್ವ, ತೀರ ಮೆಲ್ಲಗೆ, ಕೇಳಿಸುತ್ತದೆಯೋ ಇಲ್ಲವೋ ನೋಡೋಣವೆಂದು.

ಅವನು ತಟ್ಟನೆ ತಿರುಗಿದ.